ಜೀತದ ಮುಂಗಡ ತೀರಿಸಬೇಕೇ?

ಪ್ರಶ್ನೆ: ನಮ್ಮಣ್ಣ 40,000 ರೂಪಾಯಿ ಮುಂಗಡ ತಗೊಂಡು ಮೂರು ವರ್ಷದಿಂದ ಒಬ್ಬರ ಹೊಲದಾಗ ದುಡಿಯಾಕತ್ತಾನ. ಬೇರೆ ಕಡೆ ಕೂಲಿಗೆ ಹೋಗಾಕ ಬಿಡವಲ್ಲರು. ಸಾಲ ತೀರಿಸದ ಬಿಡುಗಡೆ ಆಗತದೇನ್ರಿ?
– ಓದುಗರು, ಸುರಪುರ ತಾಲ್ಲೂಕು

ಉತ್ತರ: ಆಗುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಜೀತಸಾಲ, ಅಂದರೆ ದುಡಿಮೆಗೆ ಕಟ್ಟಿಹಾಕುವ ಇಂಥ ಮುಂಗಡ, ತೀರಿಸುವ ಹೊಣೆಯೇ ಇಲ್ಲ. ಒಂದು ರೂಪಾಯಿಯನ್ನೂ ಕೊಡಬೇಡಿ. ವಸೂಲಿ ಮಾಡುವುದೇ ಅಪರಾಧ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೂ ಹೆದರಬೇಕಿಲ್ಲ. ಆ ಮುಂಗಡ ಜೀತಸಾಲ ಅಲ್ಲವೆಂದು ರುಜುವಾತು ಮಾಡಬೇಕಾದವರು ಸಾಲ ಕೊಟ್ಟವರು.

ಯಾದಗಿರಿಯ ಸಹಾಯಕ ಆಯುಕ್ತರಿಗೆ ಅಥವಾ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂಗಡ ಎಷ್ಟು, ಯಾವಾಗ, ದಿನಕ್ಕೆ ಎಷ್ಟು ತಾಸು ಕೆಲಸ, ಕೈಗೆ ಸಿಕ್ಕಿದ್ದೆಷ್ಟು, ಹೊರಗೆ ಹೋಗದಂತೆ ತಡೆದದ್ದು ಹೇಗೆ ಎಂಬುದೆಲ್ಲ ಅದರಲ್ಲಿರಲಿ. ಬಹಳಷ್ಟು ಅರ್ಜಿಗಳು ಬಿದ್ದುಹೋಗುವುದು ಇಲ್ಲೇ: ‘ಕೂಲಿ ಬಾಕಿ’ ಎಂದಷ್ಟೇ ಬರೆದರೆ ಅದು ಬರೀ ವೇತನದ ತಕರಾರಾಗುತ್ತದೆ. ವಿಚಾರಣೆ ಮಾಲೀಕರ ಎದುರಿಗೇ ನಡೆದರೆ ಅಣ್ಣ ಬಾಯಿ ಬಿಡಲಿಕ್ಕಿಲ್ಲ, ಹೇಳಿಕೆಯನ್ನು ಪ್ರತ್ಯೇಕವಾಗಿ ಪಡೆಯಲು ಕೇಳಿ.

ಬಿಡುಗಡೆ ಪ್ರಮಾಣಪತ್ರ ಕೈಸೇರದೆ ಊರಿಗೆ ಕರೆತರಬೇಡಿ. ಪುನರ್ವಸತಿಗೆ ಅದೇ ಬೇರು. ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ, ವಯಸ್ಕ ಪುರುಷರಿಗೆ ಪುನರ್ವಸತಿ 1 ಲಕ್ಷ. (ತಕ್ಷಣ ಎಂಬ ಮಾತು ಕಚೇರಿಯಲ್ಲಿ ತಿಂಗಳುಗಟ್ಟಲೆ ಹಿಗ್ಗುವುದುಂಟು, ಬೆನ್ನು ಹತ್ತಿ.) ಉಚಿತ ವಕೀಲರಿಗಾಗಿ ಕಾನೂನು ಸೇವೆಗಳ ಸಹಾಯವಾಣಿ 15100.