ಹೆಚ್ಚು ಓಡಿಸದ ಕಾರಿನ ಟೈರ್ ಕೂಡ ಬಿರುಕು ಬಿಡುತ್ತದೆ, ಯಾಕೆ? ತಡೆಯೋದು ಹೇಗೆ?

ಓಡಿಸದೆ ನಿಲ್ಲಿಸಿದ್ದಕ್ಕೇ ಬಿರುಕು ಜಾಸ್ತಿ. ಗಾಳಿಯಲ್ಲಿರುವ ಓಝೋನ್ ಮತ್ತು ಬಿಸಿಲು ರಬ್ಬರನ್ನು ಮೆಲ್ಲಗೆ ತಿನ್ನುತ್ತವೆ. ಅದನ್ನು ತಡೆಯಲೆಂದೇ ಟೈರ್ ಮಾಡುವಾಗ ಮೇಣ ಮತ್ತು ಕೆಲವು ರಾಸಾಯನಿಕ ಬೆರೆಸಿರುತ್ತಾರೆ, ಟೈರ್ ಉರುಳುತ್ತಾ ಬಾಗಿ ಬಳುಕಿದಾಗ ಅವು ಒಳಗಿಂದ ಮೇಲಕ್ಕೆ ಬಂದು ತೆಳು ಪದರವಾಗಿ ನಿಲ್ಲುತ್ತವೆ. ಟೈರ್ ಪಕ್ಕದಲ್ಲಿ ಕಾಣುವ ಕಂದು ಬಣ್ಣ ಹೆಚ್ಚಾಗಿ ಇದರಿಂದಲೇ ಬರುತ್ತದೆ, ಕೊಳೆ ಅಂತ ಸುಮ್ನೆ ಗಸಗಸ ಉಜ್ಜಬೇಡಿ.

ಹಾಗಾಗಿ ಆಗಾಗ ಸ್ವಲ್ಪ ದೂರ ಓಡಿಸಿ, ನೆರಳಲ್ಲಿ ನಿಲ್ಲಿಸಿ, ಗಾಳಿ ಸರಿಯಾಗಿರಲಿ. ತೊಳೆಯೋಕೆ ಸೋಪು ನೀರು ಸಾಕು. ಪೆಟ್ರೋಲ್, ಡೀಸೆಲ್, ಥಿನ್ನರ್ ಬೇಡವೇ ಬೇಡ, ಆ ಮೇಣವನ್ನೇ ಕರಗಿಸಿಬಿಡುತ್ತವೆ. ಹೊಳಪು ಬೇಕೇ ಬೇಕು ಅಂದರೆ ನೀರು ಬೆರೆಸಿ ಮಾಡಿದ ಟೈರ್ ಡ್ರೆಸ್ಸಿಂಗ್ (ಟೈರ್‌ಗೆ ಹಚ್ಚುವ ಹೊಳಪಿನ ದ್ರವ) ತಗೊಳ್ಳಿ.

ಬಾಗಿಲಿನ ರಬ್ಬರ್ ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಇಂಜಿನ್ ಆಯಿಲ್ ಹಚ್ಚಿದರೆ ಉಬ್ಬಿ ಮೆತ್ತಗಾಗುತ್ತದೆ.

ಟೈರ್ ವಯಸ್ಸು ನೋಡಬೇಕಾ? ಪಕ್ಕದಲ್ಲಿ ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಯ 4 ಅಂಕಿ ಓದಿ. 2321 ಅಂದರೆ 2021ರ 23ನೇ ವಾರ. ಬಿರುಕಿನೊಳಗೆ ನೂಲು ಕಾಣುತ್ತಿದ್ದರೆ ಯಾವ ಕ್ರೀಮೂ ಉಳಿಸೋದಿಲ್ಲ, ದಯವಿಟ್ಟು ಟೈರ್ ಬದಲಾಯಿಸಿ.