ಓದುಗರ ಪ್ರಶ್ನೆ: ಹಿಸ್ಟರಿ ಓದೋಕೆ ಅಷ್ಟು ದೂರ ಹೋಗ್ಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ಸೆಕೆಂಡ್ ಪಿಯುಸಿ ಆರ್ಟ್ಸ್ ಓದ್ತಿದೀನಿ, ಹಿಸ್ಟರಿ ಅಂದ್ರೆ ನಂಗೆ ಪ್ರಾಣ. ಅಮೆರಿಕದಲ್ಲಿರೋ ನಮ್ಮ ಚಿಕ್ಕಪ್ಪ ಅಲ್ಲಿನ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ (ಒಂದೇ ವಿಷಯಕ್ಕೆ ಕಟ್ಟಿಹಾಕದೆ ಹಲವು ವಿಷಯ ಓದಿಸೋ ಕಾಲೇಜುಗಳು) ಅಪ್ಲೈ ಮಾಡು ಅಂತಾರೆ. ಅಪ್ಪ ಮಾತ್ರ, ಇಸವಿ ಬಾಯಿಪಾಠ ಮಾಡೋಕೆ ಅಲ್ಲಿಗ್ಯಾಕೆ ಹೋಗ್ಬೇಕು, ಇಲ್ಲೇ ಬಿಎ ಮಾಡು ಅಂತಾರೆ. ನಿಜವಾಗ್ಲೂ ಅಲ್ಲಿ ಬೇರೆ ಥರ ಕಲಿಸ್ತಾರಾ?
– ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಉತ್ತರ: ನಿಮ್ಮಪ್ಪ ಹೇಳೋದು ಸರಿನೇ ಕಣಮ್ಮಾ, ಇಸವಿ ಬಾಯಿಪಾಠಕ್ಕಾದ್ರೆ ಖಂಡಿತ ಹೋಗ್ಬೇಡ. ಆದ್ರೆ ಅಲ್ಲಿ ನಡೆಯೋದು ಅದಲ್ಲ. ನಾನು ಓದಿದ್ದು ಒಹಾಯೊದ ಓಬರ್ಲಿನ್‌ನಲ್ಲಿ, 1833ರಲ್ಲಿ ಶುರುವಾದ ಕಾಲೇಜು, ಊರೂ ಪುಟ್ಟದು, ಇಡೀ ಕಾಲೇಜಿಗೆ ಮೂರು ಸಾವಿರದ ಹತ್ರ ಮಕ್ಕಳು ಅಷ್ಟೆ. ಸೆಮಿನಾರ್ ಅಂದ್ರೆ ಒಂದು ಮೇಜು, ಸುತ್ತ ಹತ್ತು ಹನ್ನೆರಡು ಜನ, ಲಾಸ್ಟ್ ಬೆಂಚ್ ಅನ್ನೋದೇ ಇಲ್ಲ, ಓದ್ಕೊಂಡು ಬಂದಿಲ್ಲ ಅಂದ್ರೆ ಐದು ನಿಮಿಷದಲ್ಲಿ ಎಲ್ರಿಗೂ ಗೊತ್ತಾಗೋಗುತ್ತೆ.

ಒಂದು ಸಲ ನಾವು ವಾರಗಟ್ಟಲೆ ಒಂದೇ ದಿನದ ಬೆನ್ನು ಹತ್ತಿದ್ವಿ, 1858ರ ಸೆಪ್ಟೆಂಬರ್ 13. ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಓಬರ್ಲಿನ್‌ಗೆ ಬಂದಿದ್ದ ಜಾನ್ ಪ್ರೈಸ್ ಅನ್ನೋನನ್ನ ಅವತ್ತು ಹಿಡ್ಕೊಂಡು ಹೋಗಿ ಪಕ್ಕದ ವೆಲ್ಲಿಂಗ್ಟನ್‌ನ ಹೋಟೆಲಲ್ಲಿ ಕೂಡಿಹಾಕಿದ್ರು, ತಪ್ಪಿಸ್ಕೊಂಡ ಗುಲಾಮರನ್ನ ಹಿಡಿದು ಮಾಲೀಕರಿಗೆ ಒಪ್ಪಿಸ್ಬೇಕು ಅನ್ನೋ 1850ರ ಕಾನೂನು ಹಿಡಿದೋರ ಕಡೆಗೇ ಇತ್ತು. ಸುದ್ದಿ ಗೊತ್ತಾಗಿ ಊರಿನೋರು, ವಿದ್ಯಾರ್ಥಿಗಳು ಎಲ್ಲ ಸೇರಿ ನುಗ್ಗಿ ಬಿಡಿಸ್ಕೊಂಡು ಬಂದ್ರು, ಫೇರ್‌ಚೈಲ್ಡ್ ಅನ್ನೋ ಪ್ರೊಫೆಸರ್ ಮನೇಲಿ ಬಚ್ಚಿಟ್ಟು ಆಮೇಲೆ ಕೆನಡಾಕ್ಕೆ ದಾಟಿಸಿದ್ರು. 37 ಜನರ ಮೇಲೆ ಕೇಸಾಯ್ತು, ವಿಚಾರಣೆ ನಡೆದಿದ್ದು ಇಬ್ಬರದು ಮಾತ್ರ. ಇಷ್ಟು ಯಾವ ಪುಸ್ತಕದಲ್ಲಾದ್ರೂ ಸಿಗುತ್ತೆ. ನಮ್ಮ ಮೇಡಂ ಏನ್ ಮಾಡಿದ್ರು ಅಂದ್ರೆ, ಆ ಕಾಲದ ಎರಡು ಕ್ಲೀವ್‌ಲೆಂಡ್ ಪತ್ರಿಕೆ ಮುಂದಿಟ್ರು. ಒಂದಕ್ಕೆ ಇವರು ಕಾನೂನು ಮುರಿದ ಪುಂಡರು, ಇನ್ನೊಂದಕ್ಕೆ ನ್ಯಾಯ ಕಾಪಾಡಿದೋರು. ಯಾರು ಬರೆದಿದ್ದು, ಯಾರು ಓದ್ಲಿ ಅಂತ ಬರೆದಿದ್ದು, ಜಾನ್ ಪ್ರೈಸ್‌ನದೇ ಮಾತು ಎಲ್ಲಿ ಹುಡುಕೋದು, ಬರೀ ಇದೇ ಚರ್ಚೆ.

ನಾನು ಪೇಪರಲ್ಲಿ "ಇಡೀ ಊರೇ ಒಂದಾಗಿ ನಿಂತಿತ್ತು" ಅಂತ ಬರೆದಿದ್ದೆ. ಪಕ್ಕದಲ್ಲಿ ಮೇಡಂ ಪೆನ್ಸಿಲಲ್ಲಿ ಬರೆದಿದ್ದು ಒಂದೇ ಸಾಲು, "ನಿನಗೆ ಹೇಗೆ ಗೊತ್ತು?" ಹಳೇ ಕಾಗದಪತ್ರ ಕಾಪಾಡಿ ಇಡೋ ಆರ್ಕೈವ್ಸ್‌ಗೆ ಹೋದೆ, ಪೆನ್ನು ಒಳಗೆ ಬಿಡಲ್ಲ, ಮೇಜಿನ ಮೇಲೆ ಒಂದ್ಸಲಕ್ಕೆ ಒಂದೇ ಫೋಲ್ಡರ್, ಮೂರು ದಿನ ಕೂತು ಹಳೇ ಕೈಬರಹ ಬಿಡಿಸಿ ಬಿಡಿಸಿ ಓದಿದ ಮೇಲೆ ಆ ಸಾಲು ಹೊಡೆದುಹಾಕ್ದೆ. ನನ್ನ ಹತ್ರ ಸಾಕ್ಷಿ ಇರ್ಲಿಲ್ಲ. ಅವತ್ತಿಂದ ಇವತ್ತಿನವರೆಗೂ ಏನೇ ಬರೆದ್ರೂ ಆ ಪೆನ್ಸಿಲ್ ಸಾಲು ಕಣ್ಮುಂದೆ ಬರುತ್ತೆ, ನಿಂಗೂ ಅದು ಸಿಗ್ಲಿ ಅಂತ ನನ್ನಾಸೆ.

ಈಗ ದುಡ್ಡಿನ ವಿಷಯ, ಇದನ್ನ ಅಪ್ಪನ ಜೊತೆ ಕೂತು ಓದು. ಇಂಥ ಎಷ್ಟೋ ಕಾಲೇಜಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತೆ, ನೆರವು ಸಿಗದೆ ಹೋಗೋ ಮಾತೇ ಬೇಡ, ಜಮೀನು ಮಾರಿ ಅಂತೂ ಬೇಡವೇ ಬೇಡ. ಆಮ್ಹರ್ಸ್ಟ್ ಥರದ ಬೆರಳೆಣಿಕೆ ಕಾಲೇಜುಗಳು ವಿದೇಶಿ ಮಕ್ಕಳಿಗೂ ಮನೆ ಆದಾಯ ನೋಡದೆ ಸೀಟು ಕೊಡ್ತವೆ, ಆಮೇಲೆ ಅವರ ಲೆಕ್ಕದಲ್ಲಿ ಎಷ್ಟು ಕಮ್ಮಿ ಬೀಳುತ್ತೋ ಅಷ್ಟನ್ನ ತುಂಬ್ತವೆ, ಸೀಟು ಸಿಗೋದು ಮಾತ್ರ ತುಂಬಾ ಕಷ್ಟ. ಇನ್ನೊಂದು, ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡೋಕೆ ಹಿಸ್ಟರಿಯವರಿಗೆ ಸಿಗೋದು 12 ತಿಂಗಳು, ಸೈನ್ಸ್, ಇಂಜಿನಿಯರಿಂಗ್‌ನವರಿಗಿರೋ 24 ತಿಂಗಳ ಎಕ್ಸ್‌ಟೆನ್ಷನ್ ನಮಗಿಲ್ಲ.

ನಮ್ಮ ದೇಶದಲ್ಲೇ ಬೇಕು ಅಂದ್ರೆ ಹರಿಯಾಣದ ಸೋನಿಪತ್‌ನ ಅಶೋಕ ಯೂನಿವರ್ಸಿಟಿನೂ ನೋಡು, ಅಲ್ಲೂ ಹಿಸ್ಟರಿ ಇದೆ.

ಅಪ್ಲಿಕೇಶನ್‌ಗೆ ಪ್ರಬಂಧ ಬರೀಬೇಕಾಗುತ್ತೆ, ಅದಕ್ಕೆ ಈಗಿಂದ್ಲೇ ಒಂದು ಕೆಲಸ ಮಾಡು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಪೂರ್ತಿ ನಿಮ್ಮ ಹಾಸನ ಜಿಲ್ಲೆ ಶಾಸನಗಳದ್ದೇ. ಲೈಬ್ರರಿಲಿ ಕೇಳು, ನಿಮ್ಮೂರಿನ ಅಕ್ಕಪಕ್ಕದ ಒಂದು ಕಲ್ಲು ಹುಡುಕು, ಅಪ್ಪನ್ನೂ ಕರ್ಕೊಂಡು ಹೋಗಿ ಆ ಕಲ್ಲು ನೋಡ್ಕೊಂಡು ಬಾ, ಅದನ್ನ ಯಾರು ಹಾಕ್ಸಿದ್ರು, ಯಾಕೆ ಹಾಕ್ಸಿದ್ರು ಅಂತ ಎರಡು ಪುಟ ಬರೆದು ನನಗೆ ಕಳಿಸು, ನಾನು ಪೆನ್ಸಿಲ್ ಹಿಡ್ಕೊಂಡು ಓದ್ತೀನಿ.