ಸುತ್ತು ಜೋಡಣೆ ಬೇಡ

ಪ್ರಶ್ನೆ: ಶಿರಸಿಯಲ್ಲಿ ನಮ್ಮ ಅಡಿಕೆ ವ್ಯಾಪಾರದ ಕಚೇರಿ. 20 ಕಂಪ್ಯೂಟರ್, 2 ಪ್ರಿಂಟರ್, ಅಂಗಳದಾಚೆ ಗೋದಾಮು. ಒಂದು ಕೇಬಲ್ ಕೆಟ್ಟರೂ ಕೆಲಸ ನಿಲ್ಲದಿರಲೆಂದು 4 ಸ್ವಿಚ್‌ಗಳನ್ನು (ಕಂಪ್ಯೂಟರ್‌ಗಳನ್ನು ಕೇಬಲಿನಿಂದ ಒಂದಕ್ಕೊಂದು ಬೆಸೆಯುವ ಪೆಟ್ಟಿಗೆ) ಬಳೆಯಂತೆ ಸುತ್ತಾಗಿ ಜೋಡಿಸಿದ್ದಾರೆ. ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಎಲ್ಲ ಸ್ತಬ್ಧ. ಯಾಕೆ?

ಉತ್ತರ: ಆ ಸುತ್ತಿನ ಮೇಲೇ ಅನುಮಾನ. ಈಥರ್ನೆಟ್ ಫ್ರೇಮ್‌ಗೆ, ಅಂದರೆ ಈ ಕೇಬಲ್‌ಗಳಲ್ಲಿ ಓಡುವ ಮಾಹಿತಿಯ ತುಣುಕಿಗೆ, ಆಯುಸ್ಸಿನ ಮಿತಿಯಿಲ್ಲ. ಸುತ್ತು ಸಿಕ್ಕರೆ ಎಲ್ಲ ಯಂತ್ರಗಳಿಗೂ ಹೋಗುವ ಬ್ರಾಡ್‌ಕಾಸ್ಟ್ ಫ್ರೇಮ್‌ಗಳು ತಿರುಗುತ್ತಲೇ ಇದ್ದು ಲೈನನ್ನು ತುಂಬಿಬಿಡುತ್ತವೆ. ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೆ ಎಡೆಬಿಡದೆ ಮಿನುಗುತ್ತವೆ. ಸುತ್ತನ್ನು ಗುರುತಿಸಿ ಒಂದು ದಾರಿ ಮುಚ್ಚಿ ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಅಗ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸುತ್ತಿನ ಒಂದು ಕೇಬಲ್ ಕಿತ್ತು ನೋಡಿ, ಸರಿಹೋದರೆ ರೋಗ ಸಿಕ್ಕಿತು.

ಇಷ್ಟು ಸಣ್ಣ ಕಚೇರಿಗೆ ನಾಲ್ಕು ಸ್ವಿಚ್ ಯಾಕೋ! ನಡುವೆ 24 ಪೋರ್ಟಿನ (ಕೇಬಲ್ ಚುಚ್ಚುವ ಕಿಂಡಿ) ಒಂದೇ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್ ಇಟ್ಟು, ಪ್ರತಿ ಕಂಪ್ಯೂಟರಿಗೂ ನೇರ ಕೇಬಲ್ ಎಳೆಸಿ. ಒಂದೊಂದರ ಉದ್ದ 100 ಮೀಟರ್ ದಾಟಬಾರದು. ಸ್ಪ್ಯಾನಿಂಗ್ ಟ್ರೀ ಆನ್ ಇರಲಿ. ಕೇಬಲಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ. ಗೋದಾಮಿಗೆ ಮಾತ್ರ ತಾಮ್ರ ಬೇಡ, ಬೆಳಕಿನಲ್ಲಿ ಮಾಹಿತಿ ಸಾಗಿಸುವ ಫೈಬರ್ ಹಾಕಿಸಿ: ಮಲೆನಾಡಿನ ಸಿಡಿಲಿಗೆ ಹೊರಗಿನ ತಾಮ್ರದ ತಂತಿಯಲ್ಲಿ ನುಗ್ಗುವ ವೋಲ್ಟೇಜ್ ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಸ್ವಿಚ್ಚೇ ಕೆಟ್ಟರೆ? ಅದೇ ಸೆಟ್ಟಿಂಗ್ ಹಾಕಿದ ಇನ್ನೊಂದನ್ನು ಕಪಾಟಿನಲ್ಲಿಡಿ. ಬದಲಿಸಲು ಅರ್ಧ ಗಂಟೆ ಸಾಕು.